ಬಾದಾಮಿಯ ಬಂಡೆಯೂ ನನ್ನ ಹಳೆಯ ಬಾಕಿಯೂ



ಅರವತ್ತೇಳನೆಯ ವಯಸ್ಸಿನಲ್ಲಿ ನಾನು ಬಂಡೆ ಏರಿದೆನೆಂದರೆ ನಿಮ್ಮಲ್ಲಿ ಅನೇಕರು ನಗುವಿರಿ. ನಗಲು ಕಾರಣವೂ ಇದೆ. ಪ್ರಯೋಗಾಲಯದ ಗೋಡೆಗೆ ಆವರ್ತಕ ಕೋಷ್ಟಕವನ್ನು ತೂಗುಹಾಕಬೇಕಾದಾಗ ಸ್ಟೂಲಿನ ಮೇಲೆ ನಿಲ್ಲಲು ಅಂಜಿ, ತರಗತಿಯ ಅತ್ಯಂತ ಎತ್ತರದ ಹುಡುಗನನ್ನು ಕರೆಯುತ್ತಿದ್ದ ಮಾಸ್ತರನನ್ನು ನೀವು ಬಲ್ಲಿರಿ. ಆ ಮಾಸ್ತರನೇ ಈ ಜನವರಿಯಲ್ಲಿ ಬಾದಾಮಿಯ ಕೊಳ್ಳದಲ್ಲಿ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ತಲೆಗೆ ಹೆಲ್ಮೆಟ್ ಏರಿಸಿಕೊಂಡು, ಹದಿನೈದು ಮೀಟರ್ ಎತ್ತರದ ಕೆಂಪು ಬಂಡೆಯ ನಡುಮಧ್ಯದಲ್ಲಿ ಹಲ್ಲಿಯಂತೆ ಅಂಟಿಕೊಂಡು ನಿಂತಿದ್ದ. ಆದರೆ ಈ ಬರಹ ಕೇವಲ ನಗಿಸುವುದಕ್ಕಾಗಿ ಅಲ್ಲ. ಮೂವತ್ತು ವರ್ಷಗಳಿಂದ ಮನಸ್ಸಿನ ಮೂಲೆಯಲ್ಲಿ ಕಟ್ಟಿಟ್ಟಿದ್ದ ಒಂದು ಗಂಟನ್ನು ಬಿಚ್ಚಬೇಕಾಗಿದೆ. ಅದನ್ನು ನಿಮ್ಮೆದುರಿನಲ್ಲಿಯೇ ಬಿಚ್ಚುವುದು ಸರಿಯೆಂದು ತೋರಿದೆ.

ಆದದ್ದು ಹೀಗೆ. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗಳಿಗೆ ಈಗ ಹದಿಮೂರು ವರ್ಷ. ಎರಡು ವರ್ಷಗಳಿಂದ ಅವಳಿಗೆ ಹತ್ತುವ ಹುಚ್ಚು. ನಗರದಲ್ಲಿ ಇದಕ್ಕೆಂದೇ ಕೃತಕ ಗೋಡೆಗಳಿವೆ. ಗೋಡೆಯ ತುಂಬ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಕೆಗಳು, ಕೆಳಗೆ ದಪ್ಪನೆಯ ಹಾಸಿಗೆ. ವಾರಕ್ಕೆ ಎರಡು ದಿನ ಅಲ್ಲಿ ಹತ್ತಿ ಇಳಿಯುವ ಹುಡುಗಿಗೆ ನಿಜವಾದ ಬಂಡೆಯನ್ನು ಏರಬೇಕೆಂಬ ಆಸೆ ಹುಟ್ಟಿತು. "ಅಜ್ಜಾ, ನೀನು ಬಾದಾಮಿ ಕಡೆ ಮೇಷ್ಟ್ರಾಗಿದ್ದೆ ಅಲ್ವಾ? ಅಲ್ಲಿ ಕ್ಲೈಂಬಿಂಗ್‌ಗೆ ಬೇರೆ ದೇಶದಿಂದೆಲ್ಲಾ ಬರ್ತಾರಂತೆ, ನಿನಗೆ ಗೊತ್ತೇ ಇಲ್ವಾ?" ಎಂದು ಫೋನಿನಲ್ಲಿ ಕೇಳಿದಳು. ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ವಿಷಯದಿಂದ ದೂರವೇ ಉಳಿದಿದ್ದೆ.

ಮಗಳು ಬೆಂಗಳೂರಿನ ಆ ಗೋಡೆಯವರಲ್ಲಿಯೇ ವಿಚಾರಿಸಿ, ಬಾದಾಮಿಯಲ್ಲಿ ಹೊಸಬರಿಗೆ ಹತ್ತಲು ಕಲಿಸುವ ಒಬ್ಬರ ಫೋನ್ ಸಂಖ್ಯೆಯನ್ನು ಪಡೆದಳು. ಸಂಕ್ರಾಂತಿಯ ಹಿಂದಿನ ದಿನ ಮಗಳು, ಮೊಮ್ಮಗಳು, ನಾನು ಮೂವರೂ ಧಾರವಾಡದಿಂದ ಕಾರಿನಲ್ಲಿ ಹೊರಟೆವು. ನವಲಗುಂದ, ನರಗುಂದ ದಾಟಿ ಕುಳಗೇರಿ ಕ್ರಾಸಿನಲ್ಲಿ ಬಲಕ್ಕೆ ಹೊರಳಿದಾಗ, ಕಪ್ಪು ಎರೆಯ ಹೊಲಗಳಲ್ಲಿ ಜೋಳ ತೆನೆ ತೂಗುತ್ತಿತ್ತು. ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಭಿತ್ತಿಪತ್ರಗಳು ಊರೂರಿನ ಗೋಡೆಗಳ ಮೇಲೆ ರಾರಾಜಿಸುತ್ತಿದ್ದವು. ಹನ್ನೊಂದು ವರ್ಷ ಉಪ್ಪು ತಿಂದ ತಾಲ್ಲೂಕು ಅದು. ಆದರೂ ಊರು ಸಮೀಪಿಸಿದಂತೆಲ್ಲ ನನ್ನ ಎದೆ ಹಗುರಾಗಲಿಲ್ಲ. ಅದೇಕೆಂಬುದನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ಮೇಲೆ 1985ರಿಂದ 1996ರವರೆಗೆ ಬಾದಾಮಿ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸುತ್ತಿದ್ದೆ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗಿನ್ನೂ ಅದು ಅಖಂಡ ವಿಜಾಪುರ ಜಿಲ್ಲೆ. ಶಾಲೆಯ ಬೆನ್ನಿಗೇ ಕೆಂಪು ಮರಳುಗಲ್ಲಿನ ಗುಡ್ಡ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗರು ಸೀತಾಫಲಕ್ಕೆ, ಪಾರಿವಾಳದ ಮರಿಗೆ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಆ ಗುಡ್ಡವನ್ನು ಏರುತ್ತಿದ್ದರು. 1992ರ ಮಳೆಗಾಲದಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗ ತೊಯ್ದ ಬಂಡೆಯಿಂದ ಜಾರಿ ಬಿದ್ದ. ಎತ್ತಿನ ಗಾಡಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತವನು ನಾನು. ದಾರಿಯಲ್ಲಿಯೇ ಎಲ್ಲ ಮುಗಿಯಿತು. ಅವನ ತಾಯಿ ನನ್ನನ್ನು ಬೈಯಲಿಲ್ಲ. "ನೀವು ಒಂದ್ ಮಾತ ಹೇಳಿದ್ರ ಕೇಳ್ತಿದ್ದ ಸರ" ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಎರಡು ವರ್ಷಗಳ ಬಳಿಕ, 1994ರಲ್ಲಿ, ಅದೇ ಬಂಡೆಯ ಮೇಲೆ ಮತ್ತೊಬ್ಬ ಹುಡುಗನನ್ನು ಕಂಡೆ. ಅವನೂ ಒಂಬತ್ತನೆಯ ತರಗತಿಯವನೇ. ಹಿಂದಿನ ಬೆಂಚಿನ ಸಣಕಲು ಹುಡುಗ. ಲೆಕ್ಕದಲ್ಲಿ ಹಿಂದೆ, ಆಟದಲ್ಲಿ ಮುಂದೆ. ನೆಲದಿಂದ ಮೂರಾಳು ಎತ್ತರದಲ್ಲಿ ಬರಿಗಾಲಿನಲ್ಲಿ ನಿಂತು, ಕೆಳಗಿದ್ದ ಗೆಳೆಯರ ಕಡೆಗೆ ನೋಡಿ ನಗುತ್ತಿದ್ದ. ನನ್ನ ಕಣ್ಣಿಗೆ ಕಂಡದ್ದು ಅವನಲ್ಲ, ಗಾಡಿಯಲ್ಲಿ ನನ್ನ ತೊಡೆಯ ಮೇಲಿದ್ದ ಆ ಇನ್ನೊಬ್ಬ. ಕೆಳಗಿಳಿಸಿ, ಮರುದಿನ ಪ್ರಾರ್ಥನೆಯ ಹೊತ್ತಿಗೆ ಇಡೀ ಶಾಲೆಯ ಎದುರು ಬೆತ್ತದಿಂದ ಬಾರಿಸಿದೆ. ಅಷ್ಟಕ್ಕೇ ನಿಲ್ಲಲಿಲ್ಲ. ತಂದೆಯನ್ನು ಕರೆಸಿ, "ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ, ಕಾಲಿಗೆ ಬಂಡೆ ಹತ್ತುತ್ತದೆ. ಸುಮ್ಮನೆ ಸಾಲಿಗೆ ಕಳಿಸಿ ಯಾಕೆ ಹಾಳಾಗುತ್ತೀರಿ, ಯಾವುದಾದರೂ ಕೆಲಸಕ್ಕೆ ಹಚ್ಚಿರಿ" ಎಂದುಬಿಟ್ಟೆ.

ತಂದೆ ಕೈಮುಗಿದು ಹೋದ. ಸೋಮವಾರದಿಂದ ಹುಡುಗ ಶಾಲೆಗೆ ಬರಲಿಲ್ಲ.

ಹಳ್ಳಿಯ ತಂದೆಯೊಬ್ಬ ಮಾಸ್ತರನ ಮಾತನ್ನು ಅಕ್ಷರಶಃ ಪಾಲಿಸುತ್ತಾನೆಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಮನೆಗೆ ಹೋಗಿ ಕರೆತರಬಹುದಿತ್ತು. ಹೋಗಲಿಲ್ಲ. ಮರುವರ್ಷ ಬಸ್ಸಿನ ಕಿಟಕಿಯಿಂದ ಅವನನ್ನು ಒಮ್ಮೆ ನೋಡಿದೆ. ರಸ್ತೆಯ ಪಕ್ಕದ ಕಲ್ಲಿನ ಕ್ವಾರಿಯಲ್ಲಿ ಸುತ್ತಿಗೆ ಹಿಡಿದು ಕುಳಿತಿದ್ದ. ಅವನು ತಲೆಯೆತ್ತುವ ಮೊದಲೇ ನಾನು ಮುಖ ತಿರುಗಿಸಿದೆ. 1996ರಲ್ಲಿ ವರ್ಗವಾಗಿ ಹೋದೆ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂಬ ಗಾದೆಯನ್ನು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆಸಿದವನು ನಾನೇ.

ಇರಲಿ, ಬಾದಾಮಿಗೆ ಬರೋಣ.

ಬಾದಾಮಿಯನ್ನು ನೋಡದವರಿಗಾಗಿ ಎರಡು ಮಾತು. ಊರ ಬೆನ್ನಿಗೆ ಎರಡು ಕೆಂಪು ಗುಡ್ಡಗಳು, ನಡುವೆ ಕೊಳ್ಳ, ಕೊಳ್ಳದಲ್ಲಿ ಅಗಸ್ತ್ಯತೀರ್ಥವೆಂಬ ಕೆರೆ. ತೆಂಕಣ ಗುಡ್ಡದಲ್ಲಿ ಗುಹಾಲಯಗಳು. ಮೂರನೆಯ ಗುಹೆಯಲ್ಲಿ ಮಂಗಳೇಶನು ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಬಡಗಣ ಗುಡ್ಡದಲ್ಲಿ ಕೋಟೆ. ಮೊದಲನೆಯ ಪುಲಕೇಶಿ 543ರಲ್ಲಿ ಅದನ್ನು ಕಟ್ಟಿಸಿದ್ದಕ್ಕೆ ಅಲ್ಲಿಯ ಬಂಡೆಗಲ್ಲೇ ಸಾಕ್ಷಿ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಯಾದ ಕಪ್ಪೆ ಅರಭಟ್ಟನ ಶಾಸನವೂ ಕೆರೆಯ ಈಶಾನ್ಯಕ್ಕಿರುವ ಬಂಡೆಯ ಮೇಲೆಯೇ ಇದೆ. ಈ ಮರಳುಗಲ್ಲು ಎಷ್ಟು ಹಳೆಯದೆಂದರೆ, ಇದರಲ್ಲಿ ಪ್ರಾಣಿಗಳ ಪಳೆಯುಳಿಕೆ ಹುಡುಕಿದರೆ ಸಿಗುವುದಿಲ್ಲ. ಭೂಮಿಯ ಮೇಲೆ ಪ್ರಾಣಿಗಳು ಕಾಣಿಸಿಕೊಳ್ಳುವ ಮೊದಲೇ ನೀರು ಹೊತ್ತು ತಂದು ಹಾಸಿದ ಮರಳು, ಪದರ ಪದರವಾಗಿ ಗಟ್ಟಿಗೊಂಡು ಕಲ್ಲಾಗಿದೆ. ಆ ಪದರಗಳ ಅಂಚುಗಳೇ ಹತ್ತುವವರಿಗೆ ಮೆಟ್ಟಿಲು, ಹಿಡಿಕೆ ಎಲ್ಲ.

1990ರ ದಶಕದಿಂದ ಇಲ್ಲಿಗೆ ಬೆಂಗಳೂರು, ಪುಣೆಗಳಿಂದಲೂ ಹೊರದೇಶಗಳಿಂದಲೂ ಶಿಲಾರೋಹಿಗಳು ಬರುತ್ತಿದ್ದಾರೆ. ಸ್ಮಾರಕಗಳಿರುವ ಬಂಡೆಗಳನ್ನು ಮುಟ್ಟದೆ, ಅವುಗಳಿಂದ ದೂರದ ಗೋಡೆಗಳಲ್ಲಿ ಕೊರೆದು ಉಕ್ಕಿನ ಬೋಲ್ಟುಗಳನ್ನು ಕೂಡಿಸಿ ಮಾರ್ಗಗಳನ್ನು ಮಾಡಿದ್ದಾರೆ. ಹೀಗೆ ಮೊದಲೇ ಕೂಡಿಸಿದ ಬೋಲ್ಟುಗಳಿಗೆ ಹಗ್ಗ ಸಿಕ್ಕಿಸುತ್ತ ಏರುವುದನ್ನೇ ಸ್ಪೋರ್ಟ್ ಕ್ಲೈಂಬಿಂಗ್ ಎನ್ನುತ್ತಾರೆ. ಹಗ್ಗ ಇರುವುದು ಮೇಲೆ ಎಳೆದುಕೊಳ್ಳುವುದಕ್ಕಲ್ಲ, ಬಿದ್ದರೆ ಹಿಡಿಯುವುದಕ್ಕೆ; ಏರಬೇಕಾದದ್ದು ನಮ್ಮ ಕೈಕಾಲುಗಳಿಂದಲೇ. ಚಿತ್ರದುರ್ಗದ ಕೋಟೆಯ ಗೋಡೆಗಳನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರದು ಬೇರೆಯೇ ಬಗೆ. ಅದನ್ನು ಯಾರೂ ಅನುಕರಿಸಬಾರದು.

ಮಾರ್ಗಗಳಿಗೆ ಕಠಿಣತೆಯ ಅಂಕಗಳೂ ಉಂಟು. ಬಾದಾಮಿಯಲ್ಲಿ ಸಾಮಾನ್ಯವಾಗಿ ಬಳಸುವುದು ಫ್ರೆಂಚ್ ಪದ್ಧತಿ. ನಾಲ್ಕು, ಐದು ಎಂದರೆ ಹೊಸಬರಿಗೆ. ಅಲ್ಲಿಂದ ಮೇಲೆ ಅಂಕಿಯ ಜೊತೆಗೆ ಎ, ಬಿ, ಸಿ ಎಂಬ ಅಕ್ಷರಗಳೂ ಏರುತ್ತ ಹೋಗುತ್ತವೆ. ಬಾದಾಮಿಯ 'ಗಣೇಶ' ಎಂಬ ಪ್ರಸಿದ್ಧ ಮಾರ್ಗ 8ಬಿ ಆಸುಪಾಸಿನದು. 2017ರಲ್ಲಿ ಚೆಕ್ ದೇಶದ ಆಡಮ್ ಒಂಡ್ರಾ ನಾರ್ವೆಯ ಗುಹೆಯೊಂದರಲ್ಲಿ ಏರಿದ ಮಾರ್ಗಕ್ಕೆ ಜಗತ್ತಿನಲ್ಲಿ ಮೊಟ್ಟಮೊದಲು 9ಸಿ ಅಂಕ ದೊರೆಯಿತು. ನಮಗೆ ಗೊತ್ತುಪಡಿಸಿದ್ದು ಬರಿಯ ನಾಲ್ಕು. ಹದಿನೈದು ಮೀಟರ್ ಎತ್ತರ, ಆರು ಬೋಲ್ಟುಗಳು, ನೆಟ್ಟಗೆ ನಿಲ್ಲದೆ ಸ್ವಲ್ಪ ಹಿಂದಕ್ಕೆ ಒರಗಿದ ಬಂಡೆ. ಒಂಬತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಇದ್ದಂತೆ.

ಬೆಳಗಿನ ಏಳು ಗಂಟೆಗೆ ಕೆರೆಯ ಹತ್ತಿರ ನಾವು ಕಾಯುತ್ತಿದ್ದಾಗ, ಬೆನ್ನಿಗೆ ಹಗ್ಗದ ಚೀಲ ಹೊತ್ತ ನಡುವಯಸ್ಸಿನ ವ್ಯಕ್ತಿಯೊಬ್ಬರು ಬಂದರು. ಕಿವಿಯ ಮೇಲೆ ನರೆತ ಕೂದಲು, ಒಣಗಿದ ಮೈಕಟ್ಟು. ಮಗಳಿಗೆ ನಮಸ್ಕರಿಸಿ ನನ್ನತ್ತ ತಿರುಗಿದವರು ಅರೆಕ್ಷಣ ಹಾಗೆಯೇ ನಿಂತರು.

"ನಮಸ್ಕಾರ್ರೀ ಸರ. ಆರಾಮ ಅದೀರಿ?"

ಆ ನಗುವನ್ನು ನಾನು ಮೂರಾಳು ಎತ್ತರದ ಬಂಡೆಯ ಮೇಲೆ ನೋಡಿದ್ದೆ. ನನ್ನ ಬಾಯಿಂದ ಅವನ ಹೆಸರು ಹೊರಬಿತ್ತು. (ಹೆಸರನ್ನು ಇಲ್ಲಿ ಬರೆಯಬಾರದೆಂದು ಅವನೇ ಕೇಳಿಕೊಂಡಿದ್ದಾನೆ. ಏಕವಚನ ಬಳಸುತ್ತಿರುವುದಕ್ಕೆ ಕ್ಷಮೆ ಇರಲಿ. ಬಹುವಚನದಲ್ಲಿ ಕರೆದಾಗ ಅವನೇ ತಡೆದ.) "ಹೌದ್ರೀ ಸರ, ನಾನ" ಎಂದು ಬಗ್ಗಿ ಕಾಲು ಮುಟ್ಟಿದ. ನನಗೆ ಹಿಂದಕ್ಕೆ ಸರಿಯಲೂ ಆಗಲಿಲ್ಲ, ಹರಸಲೂ ಆಗಲಿಲ್ಲ. "ಅಜ್ಜಾ, ನಿನ್ನ ಸ್ಟೂಡೆಂಟಾ!" ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಕೊಳ್ಳದ ಕಾಲುದಾರಿಯಲ್ಲಿ ನಡೆಯುತ್ತ ಮಗಳು ಅವನನ್ನು ಮಾತಿಗೆಳೆದಳು. ಕ್ವಾರಿಯಲ್ಲಿ ಆರು ವರ್ಷ ದುಡಿದನಂತೆ. ಆಮೇಲೆ ಬಾದಾಮಿಯ ಒಂದು ಖಾನಾವಳಿಯಲ್ಲಿ ನೀರು ಹಾಕುವ ಕೆಲಸ. ಅಲ್ಲಿ ಊಟಕ್ಕೆ ಬರುತ್ತಿದ್ದ ಶಿಲಾರೋಹಿಗಳ ಚೀಲ ಹೊತ್ತು ಅವರ ಜೊತೆ ಹೋಗತೊಡಗಿದ. ಒಂದು ದಿನ ಅವರು ಏರಲಾರದೆ ಕೈಬಿಟ್ಟ ಜಾಗವನ್ನು ಇವನು ಬರಿಗಾಲಿನಲ್ಲಿ ಏರಿ ತೋರಿಸಿದನಂತೆ. ಅವರು ಬೈಯಲಿಲ್ಲ, ತಮ್ಮ ಬೂಟುಗಳನ್ನು ಕೊಟ್ಟರು, ಗಂಟು ಹಾಕುವುದನ್ನು ಕಲಿಸಿದರು. ಮುಂದೆ ಶಿಬಿರಗಳಲ್ಲಿ ತರಬೇತಿ ಪಡೆದ. ಈಗ ಚಳಿಗಾಲದ ನಾಲ್ಕು ತಿಂಗಳು ಇದೇ ಉದ್ಯೋಗ; ಉಳಿದ ದಿನ ಎರಡು ಎಕರೆ ಹೊಲ. ಇಷ್ಟನ್ನು ಹೇಳುವಾಗ ಅವನು ಒಮ್ಮೆಯೂ ಶಾಲೆಯ ಮಾತೆತ್ತಲಿಲ್ಲ. ನಾನು ಹಿಂದೆ ಹಿಂದೆಯೇ ನಡೆಯುತ್ತಿದ್ದೆ.

ಬಂಡೆಯ ಬುಡದಲ್ಲಿ ಪಾಠ ಆರಂಭವಾಯಿತು. ಮೊದಲು ಅವನು ಗೋಡೆಯ ಮೇಲೆ ಕಣ್ಣಾಡಿಸಿ ಜೇನುಹುಟ್ಟು ಇದೆಯೇ ಎಂದು ನೋಡಿದ. ಬಾದಾಮಿಯಲ್ಲಿ ಬೀಳುವುದಕ್ಕಿಂತ ಹೆಜ್ಜೇನಿಗೇ ಹೆಚ್ಚು ಅಂಜಬೇಕಂತೆ. ಮಳೆ ಬಂದು ಕಲ್ಲು ತೊಯ್ದಿದ್ದರೆ ಅಂದು ಹತ್ತುವುದೇ ಇಲ್ಲ. ಒದ್ದೆಯಾದ ಮರಳುಗಲ್ಲು ಜಾರುವುದಷ್ಟೇ ಅಲ್ಲ, ಬಲಗುಂದಿ ಹಿಡಿಕೆಗಳು ಮುರಿಯುತ್ತವೆ. ಈ ಮಾತನ್ನು ಹೇಳುವಾಗ ಅವನು ನನ್ನ ಕಡೆಗೆ ನೋಡಿದ. 1992ರಲ್ಲಿ ಬಿದ್ದ ಹುಡುಗ ಅವನ ಬೀದಿಯವನೇ. ಈ ಒಂದು ವಾಕ್ಯವನ್ನು ಅಂದು ನಾವು ಯಾರೂ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ. ಹತ್ತಬೇಡಿ ಎಂದಷ್ಟೇ ಹೇಳಿದ್ದೆವು.

ಹಗ್ಗವನ್ನು ಸೊಂಟದ ಪಟ್ಟಿಗೆ ಕಟ್ಟುವ ಗಂಟಿಗೆ ಎಂಟರ ಗಂಟು ಎಂದು ಹೆಸರು. ಹಗ್ಗದಲ್ಲಿ ಇಂಗ್ಲಿಷ್ ಎಂಟರ ಆಕೃತಿ ಮಾಡಿ, ತುದಿಯನ್ನು ಪಟ್ಟಿಯೊಳಗಿಂದ ತೂರಿಸಿ, ಬಂದ ದಾರಿಯಲ್ಲೇ ಮರಳಿ ನಡೆಸಬೇಕು. ಭಾರ ಬಿದ್ದಷ್ಟೂ ಅದು ಬಿಗಿಯಾಗುತ್ತದೆ. ಕೆಳಗೆ ನಿಂತು ಹಗ್ಗವನ್ನು ಹಿಡಿಯುವವರ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ಅವರ ಸೊಂಟದಲ್ಲಿಯ ಉಪಕರಣದೊಳಗೆ ಹಗ್ಗ ಬಾಗಿ ಹಾಯುವುದರಿಂದ ಘರ್ಷಣೆಯುಂಟಾಗಿ, ದಪ್ಪ ಮನುಷ್ಯನ ಭಾರವನ್ನೂ ತೆಳ್ಳಗಿನವರು ತಡೆಯಬಲ್ಲರು. ಹಗ್ಗವೂ ನಮ್ಮ ಬಾವಿಯ ಹಗ್ಗದಂತಲ್ಲ. ನೈಲಾನಿನ ಎಳೆಗಳಿಂದ ಹೆಣೆದ ಅದು ಬಿದ್ದವರ ಭಾರಕ್ಕೆ ಹಿಗ್ಗುತ್ತದೆ. ನಿಲ್ಲುವ ಕಾಲ ಹೆಚ್ಚಿದಂತೆ ಹೊಡೆತ ಕಡಿಮೆಯಾಗುತ್ತದೆ. ಕ್ರಿಕೆಟ್ ಚೆಂಡನ್ನು ಹಿಡಿಯುವಾಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದೇಕೆ ಎಂದು ನಾನು ಪ್ರತಿವರ್ಷ ಕೇಳುತ್ತಿದ್ದ ಪ್ರಶ್ನೆಯನ್ನು ನೆನಪಿಸಿಕೊಳ್ಳಿರಿ. ಅದೇ ಇದು.

ಕೈಗೆ ಹಚ್ಚಿಕೊಳ್ಳುವ ಬಿಳಿಯ ಪುಡಿಯನ್ನು ಅವರು 'ಚಾಕ್' ಎಂದಾಗ, ನನ್ನ ಬೆರಳುಗಳು ಮೂವತ್ತೈದು ವರ್ಷಗಳ ಅಭ್ಯಾಸದಿಂದ ತಾವಾಗಿಯೇ ಮುಂದೆ ಬಂದವು. ಆದರೆ ಅದು ನಮ್ಮ ಸುಣ್ಣದ ಕಡ್ಡಿಯಲ್ಲ. ನಾವು ಬರೆಯುವುದು ಕ್ಯಾಲ್ಸಿಯಂ ಸಂಯುಕ್ತ. ಇದು ಮೆಗ್ನೀಸಿಯಂ ಕಾರ್ಬೋನೇಟ್. ಬೆವರನ್ನು ಹೀರಿಕೊಂಡು ಹಿಡಿತವನ್ನು ಉಳಿಸುತ್ತದೆ.

ಅವನು ಮೊದಲು ತಾನು ಏರಿ, ಒಂದೊಂದು ಬೋಲ್ಟಿಗೂ ಕೊಂಡಿ ಹಾಕಿ ಹಗ್ಗ ಸಿಕ್ಕಿಸುತ್ತ, ತುದಿಯ ಎರಡು ಬೋಲ್ಟುಗಳ ಉಂಗುರದಲ್ಲಿ ಹಗ್ಗ ಹಾಯಿಸಿ ಇಳಿದುಬಂದ. ಹೊಸಬರಿಗೆ ಹೀಗೆ ಮೇಲಿನಿಂದಲೇ ಹಗ್ಗ ಇರುವುದರಿಂದ, ಕೈ ತಪ್ಪಿದರೂ ಒಂದೆರಡು ಅಡಿ ಜೋಲಾಡಬಹುದೇ ಹೊರತು ಬೀಳುವುದಿಲ್ಲ. ಮೊಮ್ಮಗಳು ಹೊರಡುವ ಮೊದಲು ಅವನು ಅವಳ ಗಂಟನ್ನು ಪರೀಕ್ಷಿಸಿದ, ಬಳಿಕ ತನ್ನ ಕೊಂಡಿಯನ್ನು ತೋರಿಸಿ, "ಈಗ ನೀ ನಂದು ನೋಡವ್ವ. ಹತ್ತಾವ್ರು ಹಗ್ಗ ಹಿಡಿದಾವ್ರನ್ನ ನೋಡಬೇಕು, ಹಿಡಿದಾವ್ರು ಹತ್ತಾವ್ರನ್ನ ನೋಡಬೇಕು. ನಾ ದೊಡ್ಡಾವ ಅಂತ ಬಿಡಬ್ಯಾಡ" ಎಂದ. ಅವಳು ಗಂಭೀರವಾಗಿ ಅವನ ಕೊಂಡಿಯ ತಿರುಪನ್ನು ತಿರುಗಿಸಿ ನೋಡಿದಳು. ಬಳಿಕ ಅಳಿಲಿನಂತೆ ಏರಿ, ತುದಿ ಮುಟ್ಟಿ, ಕೂಗು ಹಾಕಿ ಇಳಿದಳು. ನಾನು ಕಣ್ಣು ಮುಚ್ಚಿಕೊಂಡಿದ್ದೆನೆಂದು ಮಗಳು ಹೇಳುತ್ತಾಳೆ. ಸುಳ್ಳಲ್ಲ.

"ಅಜ್ಜಾ, ಈಗ ನೀನು."

ಬೇಡವೆನ್ನಬಹುದಾಗಿತ್ತು. ಮೊಣಕಾಲಿನ ನೆಪವಿತ್ತು, ವಯಸ್ಸಿನ ನೆಪವಿತ್ತು. ಆದರೆ ಅವನು ಸೊಂಟದ ಪಟ್ಟಿಯನ್ನು ಹಿಡಿದು ಸುಮ್ಮನೆ ನಿಂತಿದ್ದ. ಒತ್ತಾಯವಿಲ್ಲ, ಅಣಕವಿಲ್ಲ. ನಾನು ಕಾಲು ತೂರಿಸಿದೆ. ನನ್ನ ಗಂಟನ್ನು ಅವನೇ ಕಟ್ಟಿದ. ಬಳಿಕ ತನ್ನ ಕೊಂಡಿಯನ್ನು ನನ್ನೆದುರು ಹಿಡಿದು, "ನೋಡ್ರಿ ಸರ" ಎಂದ. ನೋಡಿದೆ. ಬೆರಳು ನಡುಗುತ್ತಿದ್ದವು.

ಮೊದಲ ಎರಡು ಬೋಲ್ಟುಗಳವರೆಗೆ ಏಣಿ ಹತ್ತಿದಂತೆಯೇ ಆಯಿತು. ಮೂರನೆಯದರ ಹತ್ತಿರ ಹಿಡಿಕೆಗಳು ಸಣ್ಣದಾದವು. ಕೆಳಗೆ ನೋಡಬಾರದೆಂದುಕೊಂಡೇ ನೋಡಿದೆ. ಎದೆ ಬಂಡೆಗೆ ಒತ್ತಿಕೊಂಡಿತು, ತೊಡೆಗಳು ಹೊಲಿಗೆ ಯಂತ್ರದ ಸೂಜಿಯಂತೆ ಅದುರತೊಡಗಿದವು, ಪಾದಗಳು ಜಾರತೊಡಗಿದವು.

"ಬಂಡಿ ತಬ್ಬಿಕೋಬ್ಯಾಡ್ರಿ ಸರ. ಕಾಲ ಮ್ಯಾಲ ನಿಂದರ್ರಿ, ಕೈ ಮ್ಯಾಲ ಅಲ್ಲ. ಹಿಮ್ಮಡ ಕೆಳಗ ಬಿಡ್ರಿ."

ಘರ್ಷಣ ಬಲವು ಲಂಬ ಬಲಕ್ಕೆ ಅನುಪಾತದಲ್ಲಿರುತ್ತದೆ. ಇಪ್ಪತ್ತು ಸಾವಿರ ಸಲವಾದರೂ ನಾನು ಹೇಳಿರಬಹುದಾದ ವಾಕ್ಯ. ಒರಗಿದ ಬಂಡೆಯನ್ನು ಅಂಜಿಕೆಯಿಂದ ತಬ್ಬಿಕೊಂಡರೆ ಪಾದದ ಕೆಳಗಿನ ಒತ್ತು ಕಡಿಮೆಯಾಗಿ ಜಾರುತ್ತೇವೆ; ಸೊಂಟವನ್ನು ಬಂಡೆಯಿಂದ ದೂರ ಸರಿಸಿ ನೆಟ್ಟಗೆ ನಿಂತರೆ ಮೈಯ ಭಾರವೆಲ್ಲ ಪಾದಗಳ ಮೇಲೆ ಬಿದ್ದು ರಬ್ಬರು ಕಲ್ಲನ್ನು ಕಚ್ಚುತ್ತದೆ. ಅಂಜಿಕೆ ಮಾಡೆನ್ನುವುದಕ್ಕೂ ವಿಜ್ಞಾನ ಮಾಡೆನ್ನುವುದಕ್ಕೂ ನೇರ ವಿರೋಧ. ಲೆಕ್ಕದಲ್ಲಿ ಹಿಂದಿದ್ದ ಹುಡುಗನಿಗೆ ಈ ಸೂತ್ರ ಪಾದದಲ್ಲಿ ಗೊತ್ತಿತ್ತು. ಕರಿಹಲಗೆಯ ಮೇಲೆ ಬರೆಯುತ್ತಿದ್ದ ನನಗೆ ಪಾದದಲ್ಲಿ ಗೊತ್ತಿರಲಿಲ್ಲ.

"ಆಗೂದಿಲ್ಲಪ್ಪ, ಇಳಿಸು" ಎಂದೆ.

"ಇಳಸ್ತೀನ್ರಿ. ನೀವು ಹೇಳಿದ ಗಳಿಗಿಗೆ ಇಳಸ್ತೀನಿ. ಹಗ್ಗ ನನ್ನ ಕೈಯಾಗ ಐತಿ. ಆದ್ರ ಒಂದ ಸಲ ಉಸರಾಡ್ರಿ, ಆಮ್ಯಾಲ ಹೇಳ್ರಿ."

ಆ ಕ್ಷಣದಲ್ಲಿ ನನಗೆ ಹೊಳೆದದ್ದನ್ನು ಹೇಗೆ ಬರೆಯಲಿ? ಅಂದು ಬಂಡೆಯ ಮೇಲಿದ್ದವನು ಅವನು, ಕೆಳಗಿದ್ದವನು ನಾನು. ನನ್ನ ಕೈಯಲ್ಲಿಯೂ ಒಂದು ಹಗ್ಗವಿತ್ತು. ಮಾಸ್ತರನ ಕೈಯಲ್ಲಿ ಇರುವುದು ಅದೊಂದೇ ತಾನೇ? ಅದನ್ನು ನಾನು ಹಿಡಿಯಲಿಲ್ಲ. ನನ್ನ ಅಂಜಿಕೆಗಾಗಿ ಕೈಬಿಟ್ಟೆ.

ಉಸಿರಾಡಿದೆ. ಸೊಂಟ ಹಿಂದೆ ಸರಿಸಿದೆ. ಪಾದ ನಿಂತಿತು. ಎಡಗಾಲಿಗೆ ಒಂದು ಅಂಚು, ಬಲಗೈಗೆ ಒಂದು ಬಿರುಕು. ನಾಲ್ಕನೆಯ ಬೋಲ್ಟು ದಾಟಿದೆ. ಐದನೆಯದರ ಹತ್ತಿರ ತೋಳುಗಳಲ್ಲಿ ಶಕ್ತಿ ಉಳಿಯಲಿಲ್ಲ; "ಸಾಕು" ಎಂದೆ. ಮಾತು ಮುಗಿಯುವ ಮೊದಲೇ ಹಗ್ಗ ಬಿಗಿಯಾಯಿತು. ಬಕೆಟ್ಟಿನಂತೆ ಮೆಲ್ಲಗೆ ಕೆಳಗಿಳಿದೆ. ತುದಿ ಮುಟ್ಟಲಿಲ್ಲವೆಂಬುದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ, ಏಕೆಂದರೆ ಮೊಮ್ಮಗಳು ನೆಂಟರಿಷ್ಟರಿಗೆಲ್ಲ ಬೇರೆಯೇ ಕಥೆ ಹೇಳುತ್ತಿದ್ದಾಳೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಹದಿನೈದು ಮೀಟರಿನ ಗೋಡೆಯನ್ನು ಐದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಏರಿದವರಿದ್ದಾರೆ. ನಾನು ಇಪ್ಪತ್ತೆರಡು ನಿಮಿಷಗಳಲ್ಲಿ ಹನ್ನೆರಡು ಮೀಟರ್ ಏರಿದೆ.

ಮಗಳೂ ಮೊಮ್ಮಗಳೂ ಇನ್ನೊಂದು ಮಾರ್ಗವನ್ನು ನೋಡಲು ಸ್ವಲ್ಪ ಮುಂದೆ ಹೋದರು. ನಾವಿಬ್ಬರೇ ಬಂಡೆಯ ನೆರಳಿನಲ್ಲಿ ಕುಳಿತೆವು. ಅವನು ಹಗ್ಗ ಸುತ್ತುತ್ತಿದ್ದ. ಮಾತು ಹೇಗೆ ಆರಂಭಿಸಬೇಕೆಂದು ತಿಳಿಯದೆ, "ಅವತ್ತ ನಾ ನಿನ್ನ ಭಾಳ ಹೊಡದೆ" ಎಂದೆ.

ಅವನು ಹಗ್ಗದಿಂದ ಕಣ್ಣೆತ್ತಲಿಲ್ಲ. "ಹೊಡದದ್ದು ಅವತ್ತ ಮರತೀನ್ರಿ ಸರ. ಯಾರು ಹೊಡೀತಿದ್ದಿಲ್ಲ ಆವಾಗ?" ಎಂದ. ಸ್ವಲ್ಪ ಹೊತ್ತಿನ ಬಳಿಕ, ಅದೇ ಶಾಂತ ದನಿಯಲ್ಲಿ, "ಅಪ್ಪಗ ಹೇಳಿದ್ದು ಮರತಿಲ್ಲ" ಎಂದ.

ನಾನು ತಪ್ಪಾಯಿತೆಂದೆ. ಗಾಡಿಯಲ್ಲಿ ಸತ್ತ ಹುಡುಗನ ಮಾತನ್ನೂ ಹೇಳಲು ಹೊರಟು, ಅರ್ಧದಲ್ಲಿಯೇ ನಿಲ್ಲಿಸಿದೆ. ಅದು ಕಾರಣವಾದೀತು, ಸಮರ್ಥನೆಯಾಗದು. ಅವನು "ಇರಲಿ ಬಿಡ್ರಿ ಸರ" ಎನ್ನಲಿಲ್ಲ. "ಆಯ್ತ್ರಿ" ಎಂದ. ಒಮ್ಮೆ ಒಂದು ಕಡೆ ಖಾಯಂ ಕೆಲಸಕ್ಕೆ ಕರೆದಿದ್ದರಂತೆ, ಹತ್ತನೆಯ ತರಗತಿಯ ಕಾಗದವಿಲ್ಲದೆ ತಪ್ಪಿತಂತೆ. ಇದನ್ನು ದೂರಿನಂತೆ ಹೇಳಲಿಲ್ಲ. ಹವೆಯ ವಿಷಯ ಹೇಳಿದಂತೆ ಹೇಳಿದ. ಈಗಲೂ ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಬಹುದು, ನಾನೇ ಹೇಳಿಕೊಡುತ್ತೇನೆ ಎಂದೆ. ನಕ್ಕ. "ಈಗ್ಯಾಕ್ರಿ ಸರ. ಮಗಳು ಕಲಿಯಾಕತ್ತಾಳ, ಎಂಟನೇತ್ತ ಅದಾಳ" ಎಂದು ಎದ್ದು, ಚೀಲ ಹೆಗಲಿಗೇರಿಸಿದ. ಅಷ್ಟರಲ್ಲಿ ಕೋತಿಯೊಂದು ನಮ್ಮ ಬಾಳೆಹಣ್ಣಿನ ಗೊನೆಯನ್ನೆಳೆದುಕೊಂಡು, ಯಾವ ಹಗ್ಗವೂ ಇಲ್ಲದೆ, ನನ್ನ ಐದನೆಯ ಬೋಲ್ಟನ್ನು ದಾಟಿ ಮೇಲಕ್ಕೆ ಹೋಯಿತು. ಇಬ್ಬರೂ ನಕ್ಕೆವು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದಾಗ, ನನ್ನ ಕೊನೆಯ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ "ಇನ್ನು ಹುಡುಗರು ಕೈಗೆ ಸಿಗುವುದಿಲ್ಲ" ಎಂದು ಗೊಣಗಿದವರಲ್ಲಿ ನಾನೂ ಒಬ್ಬ. ಬೆತ್ತದ ಗಾಯವನ್ನು ಕಾಯ್ದೆ ಅಳೆಯಬಲ್ಲದು. ತಂದೆಯ ಕಿವಿಯಲ್ಲಿ ಹೇಳಿದ ಒಂದು ವಾಕ್ಯ ಎಲ್ಲಿಯವರೆಗೆ ಹೋಗಿ ಮುಟ್ಟಿತೆಂಬುದನ್ನು, ಹೇಳಿದವನೇ ಹಿಂತಿರುಗಿ ಹೋಗಿ ನೋಡಬೇಕು.

ಫೆಬ್ರವರಿಯ ಒಂದು ರಾತ್ರಿ ನನ್ನ ಫೋನಿಗೆ ಒಂದು ಚಿತ್ರ ಬಂತು. ನೋಟುಪುಸ್ತಕದ ಹಾಳೆ, ಒಂದು ಚರಾಕ್ಷರದ ಸಮೀಕರಣ, ಪೆನ್ಸಿಲಿನಿಂದ ಬರೆದು ಅಳಿಸಿ ಬರೆದ ಗುರುತು. ಕೆಳಗೆ ಧ್ವನಿಸಂದೇಶ: "ಸರ, ಮಗಳ ಲೆಕ್ಕರಿ. ನನಗ ತಿಳೀವಲ್ದು." ನಾನು ಕನ್ನಡಕ ಹಾಕಿಕೊಂಡು, ಬಿಳಿಯ ಹಾಳೆಯ ಮೇಲೆ ಒಂದು ಹೆಜ್ಜೆಯನ್ನೂ ಬಿಡದೆ ಬಿಡಿಸಿದೆ. ಪಕ್ಷಾಂತರ ಮಾಡುವಾಗ ಚಿಹ್ನೆ ಏಕೆ ಬದಲಾಗುತ್ತದೆ ಎಂಬುದನ್ನೂ ಬರೆದೆ. ಹಿಂದೆಲ್ಲ ಅದನ್ನು ಬಾಯಿಪಾಠ ಮಾಡಿಸುತ್ತಿದ್ದೆ. ಚಿತ್ರ ತೆಗೆದು ಕಳಿಸಿದೆ. ಅಂದಿನಿಂದ ವಾರಕ್ಕೆ ಎರಡು ಮೂರು ಬರುತ್ತಿವೆ. ಹುಡುಗಿ ಜಾಣೆ, ಆದರೆ ಅವಸರದವಳು. ಅವಳ ತಂದೆಗೆ ಹಾಗೆಂದು ಹೇಳಲಿಲ್ಲ. "ಚೆನ್ನಾಗಿ ಮಾಡುತ್ತಾಳೆ, ಇನ್ನೊಮ್ಮೆ ನೋಡಿಕೊಂಡರೆ ಸಾಕು" ಎಂದೆ.

ನಿಮ್ಮಲ್ಲಿ ಯಾರಿಗಾದರೂ, ಯಾರ ತಂದೆತಾಯಿಗಾದರೂ, ನಾನು ಅಂಥ ಮಾತು ಆಡಿದ್ದುಂಟೇ? ಇದ್ದರೆ ಸಂಕೋಚವಿಲ್ಲದೆ ತಿಳಿಸಿರಿ. ನನಗೆ ನೆನಪಿರಲಿಕ್ಕಿಲ್ಲ, ನಿಮಗೆ ನೆನಪಿರುತ್ತದೆ. ಧಾರವಾಡದ ಮನೆಯ ವಿಳಾಸ ನಿಮಗೆಲ್ಲ ಗೊತ್ತಿದೆ, ಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ.

ಮುಂದಿನ ಜನವರಿಗೆ ಮತ್ತೆ ಬಾದಾಮಿ. ಆರನೆಯ ಬೋಲ್ಟು ಬಾಕಿ ಇದೆ.